ಪೆಟ್ಟು ಬಿದ್ದ ಮೇಲೆ ಸೈಕಲ್ ಸವಾರನ ಮೊದಲ ಪರೀಕ್ಷೆ

ಪ್ರಶ್ನೆ: ನನಗೆ 41 ವರ್ಷ. ಜನವರಿಯಲ್ಲಿ ಅಥಣಿ ರಸ್ತೆಯಲ್ಲಿ 30 ನಿಮಿಷ ಪೂರ್ತಿ ಬಲ ಹಾಕಿ ಸೈಕಲ್ ತುಳಿದು, ಹೋಗಿ ಬರುವ ದಾರಿ ಸೇರಿ 16 ಕಿ.ಮೀ. ಕ್ರಮಿಸಿದ್ದೆ. ಕೊನೆಯ 20 ನಿಮಿಷಗಳ ಸರಾಸರಿ ಹೃದಯ ಬಡಿತ 164 ಇತ್ತು. ಮಾರ್ಚ್‌ನಲ್ಲಿ ಬಿದ್ದು ಎಡ ಕಾಲರ್‌ಬೋನ್ ಮುರಿಯಿತು. ಈ ಜೂನ್‌ನಲ್ಲಿ ಸೈಕಲ್ ಏರಲು ವೈದ್ಯರು ಒಪ್ಪಿದ್ದಾರೆ. ಎದೆಗೆ ಕಟ್ಟುವ ಬಡಿತಮಾಪಕವಿದೆ, ತುಳಿಯುವ ಶಕ್ತಿಯನ್ನು ವ್ಯಾಟ್‌ಗಳಲ್ಲಿ ಅಳೆಯುವ ಪವರ್ ಮೀಟರ್ ಇಲ್ಲ. ಬರುವ ಭಾನುವಾರವೇ ಅದೇ ಪರೀಕ್ಷೆ ಮಾಡಿದರೆ ಎಷ್ಟು ಹಿಂದೆ ಬಿದ್ದಿದ್ದೇನೆಂದು ತಿಳಿಯುವುದೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಈ ಭಾನುವಾರ ಬೇಡ. ಸೈಕಲ್ ಏರಲು ಸಿಕ್ಕ ಒಪ್ಪಿಗೆಯನ್ನು ಪೂರ್ತಿ ಬಲ ಹಾಕಲು ಸಿಕ್ಕ ಒಪ್ಪಿಗೆಯೆಂದು ತಿಳಿಯದೆ, ಎರಡನ್ನೂ ವೈದ್ಯರ ಬಳಿ ಬೇರೆಬೇರೆಯಾಗಿ ಕೇಳಿರಿ. ವಯಸ್ಕರಲ್ಲಿ ಈ ಎಲುಬು ಕೂಡಿಕೊಳ್ಳಲು ಸಾಮಾನ್ಯವಾಗಿ 6ರಿಂದ 12 ವಾರ ಹಿಡಿಯುತ್ತದೆ. ಕೂಡಿಕೊಂಡ ಮೇಲೂ ಅದು ತಿಂಗಳುಗಟ್ಟಲೆ ಗಟ್ಟಿಯಾಗುತ್ತ ಹೋಗುತ್ತದೆ. ಸೀಟಿನಿಂದ ಎದ್ದು ನಿಂತು ಹ್ಯಾಂಡಲ್ ಜಗ್ಗುವಾಗ, ಗಟ್ಟಿಯಾಗಿ ಬ್ರೇಕ್ ಹಿಡಿದಾಗ, ತಗ್ಗಿನಲ್ಲಿ ಗಾಲಿ ಇಳಿದಾಗ ಭಾರವೆಲ್ಲ ಹೆಗಲಿಗೇ ಬರುತ್ತದೆ. ಇವೆಲ್ಲ ನೋವಿಲ್ಲದೆ ಆಗಬೇಕು. ಕುತ್ತಿಗೆ ತಿರುಗಿಸಿ ಹಿಂದೆ ಬರುವ ಲಾರಿಯನ್ನು ನೋಡಲು ಆಗುತ್ತಿಲ್ಲವಾದರೆ ರಸ್ತೆಯ ಮೇಲಿನ ಪರೀಕ್ಷೆಯ ಮಾತನ್ನೇ ಸದ್ಯಕ್ಕೆ ಬಿಡಿರಿ.

ಎರಡನೆಯ ಕಾರಣ ರಕ್ತದ್ದು. ವ್ಯಾಯಾಮ ನಿಂತ ಕೆಲವೇ ವಾರಗಳಲ್ಲಿ ರಕ್ತದ ದ್ರವಭಾಗ ಕಡಿಮೆಯಾಗುತ್ತದೆ, ಒಂದೊಂದು ಬಡಿತಕ್ಕೆ ಹೃದಯ ಹೊರಹಾಕುವ ರಕ್ತವೂ ಇಳಿಯುತ್ತದೆ, ಹೀಗಾಗಿ ಮೊದಲಿನಷ್ಟೇ ವೇಗಕ್ಕೆ ಹೃದಯ ಹೆಚ್ಚು ಸಲ ಬಡಿಯಬೇಕಾಗುತ್ತದೆ. ಮತ್ತೆ ತುಳಿಯಲಾರಂಭಿಸಿದರೆ ಮೊದಲು ಮರಳಿ ಬರುವುದೂ ಇದೇ. ಆದ್ದರಿಂದ ಮೊದಲ ವಾರ ಕೈಗೆ ಸಿಗುವ ಅಂಕಿ ನಿಮ್ಮನ್ನು ಸುಮ್ಮನೆ ಅಂಜಿಸುತ್ತದೆ, ಮತ್ತು ಎರಡು ಮೂರು ವಾರಗಳೊಳಗೆ ಅದು ಹಳತಾಗಿಬಿಡುತ್ತದೆ. ಅಂಥ ಅಂಕಿಯನ್ನು ನಂಬಿ ತರಬೇತಿಯ ಮಟ್ಟ ಗೊತ್ತುಮಾಡುವುದು ವ್ಯರ್ಥ.

ಮೂರನೆಯದು ನಮ್ಮೂರಿನ ಗಾಳಿ. ಅಥಣಿ ರಸ್ತೆ ಪಶ್ಚಿಮದ ಕಡೆಗೆ ಹೋಗುತ್ತದೆ, ಮುಂಗಾರಿನ ಗಾಳಿಯೂ ಆ ದಿಕ್ಕಿನಿಂದಲೇ ಬೀಸುತ್ತದೆ. ಹೋಗುವಾಗ ಕಳೆದುಕೊಂಡ ಸಮಯ ಬರುವಾಗ ಪೂರ್ತಿ ಮರಳಿ ಬರುವುದಿಲ್ಲ, ಏಕೆಂದರೆ ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಕಳೆಯುತ್ತೀರಿ. ಜನವರಿಯ 16 ಕಿ.ಮೀ. ಜೊತೆಗೆ ಜೂನ್‌ನ ದೂರವನ್ನು ಹೋಲಿಸಲು ಹೋದರೆ ಗಾಳಿಯ ತಪ್ಪನ್ನು ನಿಮ್ಮ ಕಾಲುಗಳ ಮೇಲೆ ಹೊರಿಸಿದಂತಾಗುತ್ತದೆ.

ಹಾಗಾದರೆ ಏನು ಅಳೆಯಬೇಕು? ಮೊದಲ ಮೂರು ನಾಲ್ಕು ವಾರ ಅರ್ಧಬಲದ ಪರೀಕ್ಷೆ ಸಾಕು. 15 ನಿಮಿಷ ಹಗುರವಾಗಿ ತುಳಿದು ಮೈ ಕಾಯಿಸಿಕೊಂಡ ಮೇಲೆ ಬಡಿತವನ್ನು 135ರಿಂದ 140ರ ನಡುವೆ ಹಿಡಿದಿಟ್ಟು 30 ನಿಮಿಷ ತುಳಿಯಿರಿ, ಕ್ರಮಿಸಿದ ದೂರವನ್ನು ಬರೆದಿಡಿರಿ. ವಾರಕ್ಕೊಮ್ಮೆ ಅದೇ ರಸ್ತೆ, ನಸುಕಿನ ಅದೇ ಹೊತ್ತು, ಟಯರಿನಲ್ಲಿ ಅಷ್ಟೇ ಗಾಳಿ ಇರಲಿ. ಬಿಸಿಲೇರಿದರೆ ಬಡಿತವೂ ತಾನಾಗಿ ಏರುತ್ತದೆ. ಅಷ್ಟೇ ಬಡಿತಕ್ಕೆ ದೂರ ಹೆಚ್ಚುತ್ತಿದ್ದರೆ ದೇಹ ದಾರಿಗೆ ಬರುತ್ತಿದೆ. ಮನೆಯೊಳಗೆ ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸಾಧನ) ಇದ್ದರೆ ಇನ್ನೂ ಒಳ್ಳೆಯದು, ಗಾಳಿಯ ತಕರಾರೇ ಇರುವುದಿಲ್ಲ: ಒಂದೇ ಗೇರಿನಲ್ಲಿ, ಒಂದೇ ವೇಗದಲ್ಲಿ ಒಂದು ಗಂಟೆ ತುಳಿದು, ಮೊದಲ ಅರ್ಧಗಂಟೆಯ ಸರಾಸರಿ ಬಡಿತಕ್ಕಿಂತ ಎರಡನೆಯದು ಶೇ 5ಕ್ಕಿಂತ ಹೆಚ್ಚು ಏರಿದೆಯೇ ಎಂದು ನೋಡಿರಿ. ಏರಿದ್ದರೆ ತಾಳಿಕೆ ಇನ್ನೂ ಕೂಡಿಬಂದಿಲ್ಲ.

ಸತತ ಎರಡು ವಾರ ದೂರ ಹೆಚ್ಚಿ, ಹೆಗಲೂ ಸುಮ್ಮನಿದ್ದು, ವೈದ್ಯರೂ ಒಪ್ಪಿದ ಮೇಲೆ ಹಳೆಯ 30 ನಿಮಿಷದ ಪರೀಕ್ಷೆಗೆ ಇಳಿಯಬಹುದು. ಅದಕ್ಕೆ ಮುಂಚಿನ ಎರಡು ದಿನ ಹಗುರವಾಗಿರಲಿ. ಕೊನೆಯ 20 ನಿಮಿಷಗಳ ಸರಾಸರಿಯೇ ಈಗಿನ ನಿಮ್ಮ ಮಿತಿಬಡಿತ, ಅಂದರೆ ಹೆಚ್ಚು ಹೊತ್ತು ತಾಳಿಕೊಳ್ಳಬಲ್ಲ ಗರಿಷ್ಠ ಬಡಿತವಾಗಿದ್ದು, ಮುಂದಿನ ತರಬೇತಿಯನ್ನು 164ರ ಬದಲು ಇದರಿಂದಲೇ ಲೆಕ್ಕಹಾಕಬೇಕು. ಮುಂದೆ ಪವರ್ ಮೀಟರ್ ಕೊಂಡರೆ 20 ನಿಮಿಷದ ಸರಾಸರಿ ವ್ಯಾಟ್‌ಗಳ ಶೇ 95ನ್ನು ಮಿತಿಯಾಗಿ ಹಿಡಿಯುವ ರೂಢಿಯಿದೆ. ನಮ್ಮ ಊರಿನ ಸೈಕ್ಲಿಂಗ್ ಕ್ರೀಡಾ ವಸತಿ ನಿಲಯದ ಹುಡುಗರು ಪಕ್ಕದಲ್ಲಿ ಹಾದುಹೋದರೆ ದಯವಿಟ್ಟು ಬೆನ್ನು ಹತ್ತಬೇಡಿರಿ. ಈ ಪರೀಕ್ಷೆ ಒಂಟಿಯಾಗಿಯೇ ನಡೆಯಬೇಕು.

ಎಲುಬಿನ ಜಾಗದಲ್ಲಿ ಚುಚ್ಚಿದಂತಾದರೆ, ಎಡಗೈ ಬೆರಳು ಜುಮುಗುಟ್ಟಿದರೆ, ಎದೆ ಬಿಗಿದರೆ ಅಥವಾ ತಲೆ ತಿರುಗಿದರೆ ಆ ಕ್ಷಣವೇ ನಿಲ್ಲಿಸಿರಿ. ಎದೆಯ ಬಿಗಿತಕ್ಕಂತೂ ತಡಮಾಡದೆ ಅಂದೇ ಆಸ್ಪತ್ರೆಗೆ ಹೋಗಿರಿ. ಉಳಿದವುಗಳಿಗೆ ಮತ್ತೆ ಸೈಕಲ್ ಏರುವ ಮುನ್ನ ವೈದ್ಯರನ್ನು ಕಾಣಿರಿ.