ಮಂಗನ ಕಾಯಿಲೆ ಮತ್ತು ಕ್ರಿಮಿಯನ್-ಕಾಂಗೋ ಜ್ವರ: ಎರಡೂ ವೈರಸ್ ನೆಂಟರಾ?

ಎರಡನ್ನೂ ಹರಡೋದು ಉಣ್ಣೆ ಹುಳ (ಉಣುಗು), ಎರಡರಲ್ಲೂ ಜ್ವರ, ಜೋರಾದರೆ ರಕ್ತಸ್ರಾವ. ಹಾಗಾದರೆ ಈ ವೈರಸ್‌ಗಳು ಹತ್ತಿರದ ನೆಂಟರಲ್ವಾ ಅಂತ ಕೇಳಿದ್ದೀರಿ. ಅಲ್ಲ. ವೈರಾಲಜಿ ಓದೋಕೆ ಶುರು ಮಾಡಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. 'ರಕ್ತಸ್ರಾವ ಜ್ವರ' ಅನ್ನೋದು ರೋಗಿಯನ್ನು ನೋಡಿ ಇಟ್ಟ ಹೆಸರು, ವೈರಸ್ಸನ್ನು ನೋಡಿ ಅಲ್ಲ.

ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಪತ್ತೆಯಾಯಿತು. ಅದು ಡೆಂಗಿ ವೈರಸ್ಸಿನ ಮನೆತನದ್ದು. ಒಳಗಿರೋದು ಒಂದೇ ಆರ್‌ಎನ್‌ಎ ಎಳೆ, ಸುಮಾರು 11,000 ಅಕ್ಷರಗಳು, ನೇರ ಬರಹ. ನಮ್ಮ ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮ್ ಇದು ತನ್ನದೇ ಚೀಟಿ ಅಂದುಕೊಂಡು ಸುಮ್ನೆ ಓದಿಬಿಡುತ್ತದೆ. ಆಗ ಬರೋದು 3,416 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಸರ. ಅದನ್ನು ತುಂಡು ಮಾಡಿದರೆ 10 ಪ್ರೋಟೀನ್. ನನಗೆ ಇಷ್ಟವಾದ ಸಂಗತಿ: ಕತ್ತರಿಗಳಲ್ಲಿ ಒಂದಾದ ಎನ್‌ಎಸ್3 ಅದೇ ಸರದೊಳಗೆ ಕೂತಿರುತ್ತದೆ! ಪಕ್ಕದ ಎನ್‌ಎಸ್2ಬಿ ಜೊತೆ ಸೇರಿ ತನ್ನನ್ನು ತಾನೇ ಬಿಡಿಸಿಕೊಳ್ಳುತ್ತದೆ.

ಕ್ರಿಮಿಯನ್-ಕಾಂಗೋ ವೈರಸ್ ನೈರೋವೈರಸ್ ಗುಂಪಿನದ್ದು. ಅದರ ಆರ್‌ಎನ್‌ಎ ಮೂರು ತುಂಡು, ಬರಹ ತಿರುಗುಮುರುಗು. ರಬ್ಬರ್ ಸ್ಟ್ಯಾಂಪಿನ ಅಕ್ಷರ ಇದ್ದ ಹಾಗೆ, ಒತ್ತಿದ ಮೇಲಷ್ಟೇ ಓದೋಕೆ ಬರುತ್ತದೆ. ಒತ್ತುವ ಯಂತ್ರ ನಮ್ಮ ಜೀವಕೋಶದಲ್ಲಿಲ್ಲ. ಅದಕ್ಕೇ ವೈರಸ್ ಆ ಕೆಲಸ ಮಾಡುವ ತನ್ನ ಎಲ್ ಪ್ರೋಟೀನನ್ನು ಜೊತೆಗೇ ಹೊತ್ತು ತರುತ್ತದೆ. ಮೊದಲನೆಯ ಗುಂಪಿನ ಬರೀ ಆರ್‌ಎನ್‌ಎಯನ್ನು ಜೀವಕೋಶದೊಳಗೆ ಬಿಟ್ಟರೂ ಹೊಸ ವೈರಸ್ ಹುಟ್ಟಬಹುದು. ಎರಡನೆಯದರಲ್ಲಿ ಬರೀ ಆರ್‌ಎನ್‌ಎ ಬಿಟ್ಟರೆ ಏನೂ ಆಗೋಲ್ಲ.

ತುಂಡುಗಳಿಂದ ಇನ್ನೊಂದು ಪರಿಣಾಮ ಇದೆ. ಒಂದೇ ಜೀವಕೋಶಕ್ಕೆ ಈ ವೈರಸ್ಸಿನ ಎರಡು ತಳಿ ಹೊಕ್ಕರೆ ತುಂಡುಗಳು ಅದಲುಬದಲಾಗಬಹುದು. ಮೂರರಲ್ಲಿ ಮಧ್ಯಮ ಗಾತ್ರದ ಎಂ ತುಂಡಿನಲ್ಲಿ ಇದು ಜಾಸ್ತಿ ಕಂಡುಬಂದಿದೆ.

ಮಂಗನ ಕಾಯಿಲೆಯ ವೈರಸ್ಸಿಗೆ ನಿಜವಾದ ಹತ್ತಿರದ ನೆಂಟ ಬೇಕಾದರೆ ಸೌದಿ ಅರೇಬಿಯಾದ ಅಲ್‌ಖುರ್ಮಾ ವೈರಸ್ ನೋಡಿ.

ಆದರೆ ನೀವು ಪೂರ್ತಿ ತಪ್ಪೂ ಅಲ್ಲ. ದೇಹದ ಇಂಟರ್‌ಫೆರಾನ್ ಎಚ್ಚರಿಕೆ ಗಂಟೆಯ ಬಾಯಿ ಕಟ್ಟೋದು ಎರಡಕ್ಕೂ ಗೊತ್ತು. ಮಂಗನ ಕಾಯಿಲೆಯದ್ದು ತನ್ನ 10 ಪ್ರೋಟೀನುಗಳಲ್ಲಿ ಒಂದಾದ ಎನ್‌ಎಸ್5 ಬಳಸುತ್ತದೆ. ಇನ್ನೊಂದರ ಎಲ್ ಪ್ರೋಟೀನಿನಲ್ಲಿ ಒಟಿಯು ಅನ್ನೋ ಭಾಗ ಇದೆ. ಗಂಟೆ ಬಾರಿಸುವ ಪ್ರೋಟೀನುಗಳಿಗೆ ಅಂಟಿಸಿದ ಯುಬಿಕ್ವಿಟಿನ್ ಅನ್ನೋ ಪುಟ್ಟ ಪ್ರೋಟೀನಿನ ಪಟ್ಟಿಯನ್ನೇ ಅದು ಕಿತ್ತುಹಾಕುತ್ತದೆ.