ಚಳಿಯೂರಿನಲ್ಲಿ ಹಳೆಯ ಸಿಆರ್-ವಿ ಕೊಳ್ಳುವ ಮುನ್ನ

ಮಾನ್ಯರೇ, ಅಮೆರಿಕದ ಚಳಿಯೂರಾದ ಮಿನ್ನಿಯಾಪೊಲಿಸ್‌ನಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ಹತ್ತಿರದ ಕಚೇರಿಗೆ ಹೋಗುವಷ್ಟೇ ಓಡಾಟವಿರುವ ತಾವು, 2018ರ ಹೋಂಡಾ ಸಿಆರ್-ವಿ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಎಂಜಿನ್‌ನ ಕಾರು) ಕೊಳ್ಳಬಹುದೇ ಎಂದು ಕೇಳಿದ್ದೀರಿ. ಕಾರು ಒಟ್ಟಿನಲ್ಲಿ ಒಳ್ಳೆಯದೇ. ಆದರೆ ತಮ್ಮ ಬಗೆಯ ಓಡಾಟಕ್ಕೆ ನಾನು ಅದನ್ನು ಸೂಚಿಸಲಾರೆ.

ಆ ಕಾರಿನ 1.5 ಲೀಟರ್ ಟರ್ಬೊ ಎಂಜಿನ್‌ನಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಚಿಮ್ಮುತ್ತದೆ. ಕೊರೆಯುವ ಚಳಿಯಲ್ಲಿ, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಪ್ರಯಾಣ ಮುಗಿದುಹೋದರೆ, ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯಿಂದ ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ದೂರದ ಪ್ರಯಾಣದಲ್ಲಿ ಅದು ಆವಿಯಾಗಿ ಹೋಗುತ್ತದೆ, ಚಿಕ್ಕ ಓಡಾಟದಲ್ಲಿ ಮಾತ್ರ ದಿನೇ ದಿನೇ ಶೇಖರವಾಗಿ ಆಯಿಲ್ ತೆಳುವಾಗುತ್ತದೆ. 2018ರಲ್ಲಿ ಈ ಬಗ್ಗೆ ಚೀನಾದ ಮಾಲೀಕರಿಂದ ದೊಡ್ಡ ಪ್ರಮಾಣದ ದೂರುಗಳು ಬಂದವು. ಅನಂತರ ಅಮೆರಿಕದಲ್ಲಿಯೂ ಹೋಂಡಾ ಕಾರಿನ ಸಾಫ್ಟ್‌ವೇರ್ ಪರಿಷ್ಕರಿಸಿ, ವಾರಂಟಿಯ ಅವಧಿಯನ್ನು ಹೆಚ್ಚಿಸಿತು. 2018ರ ಕಾರಿಗೆ ಆ ವಾರಂಟಿ ಈಗ ಮುಗಿದಿರುತ್ತದೆ.

ಆದರೂ ಅದೇ ಕಾರು ಮನಸ್ಸಿಗೆ ಒಪ್ಪಿದ್ದರೆ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಹೊರತೆಗೆದು ನೋಡಿ. ಆಯಿಲ್ ಮೇಲಿನ ಗುರುತನ್ನು ದಾಟಿದ್ದು ಪೆಟ್ರೋಲ್ ವಾಸನೆಯೂ ಇದ್ದರೆ, ಮಾರುವವರು ಎಷ್ಟೇ ಬೆಲೆ ಇಳಿಸಿದರೂ ಬಿಟ್ಟುಬಿಡಿ. ಸಾಫ್ಟ್‌ವೇರ್ ಪರಿಷ್ಕರಣೆ ನಡೆದಿರುವುದಕ್ಕೆ ಸರ್ವಿಸ್ ದಾಖಲೆ ಕೇಳಿ.

ಅದೇ ವರ್ಷದ ಸಿಆರ್-ವಿಯ ಎಲ್ಎಕ್ಸ್ ಎಂಬ ಆರಂಭಿಕ ಮಾದರಿಯಲ್ಲಿ ಟರ್ಬೊ ಇಲ್ಲದ 2.4 ಲೀಟರ್ ಎಂಜಿನ್ ಇದೆ. ಅದರಲ್ಲಿ ಸ್ವಯಂಚಾಲಿತ ತುರ್ತು ಬ್ರೇಕ್ ಇಲ್ಲವೆಂಬುದು ಮಕ್ಕಳಿರುವ ಮನೆಗೆ ನಿಜವಾದ ಕೊರತೆಯೇ. ಆದರೂ ಹಿಮಗಾಲದ ಚಿಕ್ಕ ಓಡಾಟಕ್ಕೆ ಆ ಎಂಜಿನ್ನೇ ಹೆಚ್ಚು ನಂಬಿಕಸ್ಥ ಎಂಬುದು ನನ್ನ ಅಭಿಪ್ರಾಯ.