ಪ್ರತಿ ಸ್ಕೂಬಾ ಡೈವ್‌ಗೂ ಜೊತೆಗೆ ಒಯ್ಯಲೇಬೇಕಾದ ಸಾಮಾನುಗಳು ಯಾವುವು?

ಕಲಬುರಗಿಯಿಂದ ನೇತ್ರಾಣಿ ದ್ವೀಪಕ್ಕೆ ಹೊರಟಿರುವ ನೀವು ಚಾಕು, ಟಾರ್ಚ್, ಕ್ಯಾಮೆರಾ, ಬಲೂನು, ಸೀಟಿ ಎಂದು ಪಟ್ಟಿ ಮಾಡಿ, ಇವುಗಳಲ್ಲಿ ಯಾವುದನ್ನು ಬಿಡಬಾರದು ಎಂದು ಕೇಳಿದ್ದೀರಿ. ಸ್ಕೂಬಾ ಕಲಿಕೆಯ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿದ ಹೊಸತರಲ್ಲಿ ನಾನೂ ಇದೇ ಪಟ್ಟಿ ಮಾಡಿದ್ದೆ, ಅದರಲ್ಲಿದ್ದುದನ್ನೆಲ್ಲ ಕೊಂಡೂ ಇದ್ದೆ. ಬೆನ್ನಿಗೆ ಡಬ್ಬ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನಿಗೆ ನೀರಿನ ಭಯವಂತೂ ಇರಲಿಲ್ಲ.

ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ಆ ದ್ವೀಪದ ಬಳಿ ಡೈವ್ ಮುಗಿಸಿ, 5 ಮೀಟರ್ ಆಳದಲ್ಲಿ 3 ನಿಮಿಷ ತಂಗುವ ಸುರಕ್ಷತಾ ನಿಲುಗಡೆಗೆ ನಾವು ಬಂದಿದ್ದೆವು. ನಾವಿರುವ ಜಾಗ ದೋಣಿಯವರಿಗೆ ಕಾಣಲೆಂದು ಅಲ್ಲಿಂದ ಕಿತ್ತಳೆ ಬಣ್ಣದ ಉದ್ದನೆಯ ಬಲೂನನ್ನು ಮೇಲಕ್ಕೆ ಬಿಡುತ್ತಾರೆ; ಎಸ್‌ಎಂಬಿ ಎನ್ನುವುದು ಇದನ್ನೇ. ಅದನ್ನು ಬಿಡುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ. ದಾರ ಸುತ್ತಿದ ಸ್ಪೂಲ್ ಹೊಸದು. ಕೈಜಾರಿ ತಳ ಸೇರಿದರೆ ಹಣ ಹೋದೀತೆಂದು ಅದರ ಉಕ್ಕಿನ ಕೊಂಡಿಯನ್ನು, ತೇಲಲು ಮುಳುಗಲು ಗಾಳಿ ತುಂಬಿ ತೆಗೆಯುವ ನನ್ನ ಬಿಸಿಡಿ ಜಾಕೆಟ್ಟಿನ ಬಳೆಗೆ ಸಿಕ್ಕಿಸಿಯೇ ಇಟ್ಟುಕೊಂಡೆ. ನಡೆದ ಅನಾಹುತಕ್ಕೆಲ್ಲ ಆ ಒಂದು ಕೊಂಡಿಯೇ ಕಾರಣ.

ಹೇಗೆಂದರೆ, ಬಲೂನಿಗೆ 5 ಲೀಟರ್ ಗಾಳಿ ಹೋದರೂ ಅದು ಸುಮಾರು 5 ಕಿಲೋ ಬಲದಿಂದ ಮೇಲಕ್ಕೆ ಎಳೆಯುತ್ತದೆ. ನಾನೋ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಹೆಚ್ಚುವರಿ ರೆಗ್ಯುಲೇಟರನ್ನು ಬಲೂನಿನ ಬಾಯಿಗೆ ಹಿಡಿದು, ಬಲೂನು ಬಿಗಿಯಾಗುವವರೆಗೂ ಗುಂಡಿ ಒತ್ತಿದೆ. ಕೊಂಡಿ ಬಿಚ್ಚಿ ಸ್ಪೂಲನ್ನು ಎರಡು ಬೆರಳುಗಳ ನಡುವೆ ಸಡಿಲವಾಗಿ ಹಿಡಿದಿದ್ದರೆ ಅದು ಗಿರಗಿರನೆ ತಿರುಗುತ್ತ ದಾರ ಬಿಡುತ್ತಿತ್ತು. ಜಾಕೆಟ್ಟಿಗೆ ಬಿಗಿದಿದ್ದ ಸ್ಪೂಲ್ ತಿರುಗಲಿಲ್ಲ, ದಾರ ಕೊಂಡಿಗೇ ಸುತ್ತಿಕೊಂಡಿತು, ಬಲೂನಿನ ಹಿಂದೆ ನಾನೂ ಹೊರಟೆ. 5 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಒಂದೂವರೆ ಪಟ್ಟು ಇರುತ್ತದೆ. ಆದ್ದರಿಂದ ಮೇಲೇರಿದಂತೆ ನನ್ನ ಜಾಕೆಟ್ಟಿನೊಳಗಿನ ಗಾಳಿಯೂ ಹಿಗ್ಗುತ್ತ ಆ ಎಳೆತಕ್ಕೆ ಕೈಜೋಡಿಸಿತು. ನಿಮಿಷಕ್ಕೆ 9 ಮೀಟರ್ ಮೀರಬಾರದೆಂದು ಕಲಿತಿದ್ದವನು ಕ್ಷಣಗಳಲ್ಲಿ ನೀರಿನ ಮೇಲಿದ್ದೆ. ಉಸಿರು ಬಿಗಿಹಿಡಿಯದೆ ಬಿಡುತ್ತಲೇ ಬಂದದ್ದರಿಂದ ಶ್ವಾಸಕೋಶಕ್ಕೆ ಪೆಟ್ಟಾಗಲಿಲ್ಲ. ಆದರೆ ಎರಡನೆಯ ಡೈವ್ ರದ್ದಾಯಿತು, ಅದಕ್ಕೆ ಕಟ್ಟಿದ ಹಣವೂ ಹೋಯಿತು. ನನ್ನನ್ನು ದೋಣಿಗೆ ಎಳೆದುಕೊಂಡವರು, “ನೀವು ಬಲೂನು ಬಿಟ್ಟದ್ದೋ, ಬಲೂನು ನಿಮ್ಮನ್ನು ತಂದದ್ದೋ ಮಾರಾಯ್ರೇ?” ಎಂದು ಕೇಳಿದರು.

ಆದ್ದರಿಂದ ‘ಯಾವ ಸಾಮಾನು’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈಜುಕೊಳದಲ್ಲಿ ತರಬೇತುದಾರರ ಎದುರು ಬಳಸಿ ನೋಡದ ಯಾವುದನ್ನೂ ಕಡಲಿಗೆ ಒಯ್ಯಬೇಡಿ. ಎಸ್‌ಎಂಬಿ ಜೊತೆಗೆ ಇರಲೇಬೇಕು, ಆದರೆ ಅದನ್ನು ಮೇಲಕ್ಕೆ ಬಿಡುವಾಗ ಕೊಂಡಿ ಕಳಚಿರಬೇಕು, ಮೊದಲು ಸ್ವಲ್ಪವೇ ಗಾಳಿ ತುಂಬಬೇಕು, ದಾರ ಸಿಕ್ಕಿಬಿದ್ದರೆ ಸ್ಪೂಲನ್ನೇ ಕೈಬಿಡಬೇಕು. ಹೋದರೆ ಹೋಗಲಿ. ಅಲೆಗಳ ನಡುವೆ ತೇಲುವ ತಲೆ ದೋಣಿಯವರಿಗೆ ಕಾಣುವುದೇ ಕಷ್ಟ. ಹಾಗಾಗಿ ಒಂದು ಸೀಟಿಯೂ ಜಾಕೆಟ್ಟಿನಲ್ಲಿರಲಿ.

ಕಾಲಿಗೆ ಕಟ್ಟುವ ದೊಡ್ಡ ಚಾಕು ಬರೀ ಶೋಕಿ. ತುಂಡಾದ ಬಲೆಯೋ ಗಾಳದ ದಾರವೋ ಸುತ್ತಿಕೊಂಡರೆ ಅಂಗೈಯಗಲದ ದಾರ ಕತ್ತರಿಸುವ ಸಾಧನ ಸಾಕು, ಅದು ಎರಡೂ ಕೈಗಳಿಗೆ ಎಟುಕುವಲ್ಲಿರಬೇಕು. ನೀರಿನಲ್ಲಿ ಮೊದಲು ಮಾಸುವುದು ಕೆಂಪು ಬಣ್ಣ. ಹಗಲಿನಲ್ಲೂ ಬಂಡೆಯ ಸಂದಿನ ನಿಜವಾದ ಬಣ್ಣ ನೋಡಬೇಕೆಂದರೆ ಸಣ್ಣ ಟಾರ್ಚ್ ಇರಲಿ. ಕ್ಯಾಮೆರಾ ಈಗ ಬೇಡ. ಒಂದೇ ಆಳದಲ್ಲಿ ಅಲುಗದೆ ನಿಲ್ಲಲು ಬಾರದವರ ಕೈಯಲ್ಲಿ ಅದಿದ್ದರೆ ಹವಳವೂ ಮುರಿಯುತ್ತದೆ, ಜೊತೆಗಾರನ ಮೇಲಿನ ಗಮನವೂ ತಪ್ಪುತ್ತದೆ.

ಹಣ ಹಾಕುವುದಿದ್ದರೆ ಡೈವ್ ಕಂಪ್ಯೂಟರಿಗೆ ಹಾಕಿ; ಆಳ, ಸಮಯಗಳ ಲೆಕ್ಕವಿಟ್ಟು, ಡೈವ್ ಆದ ಮೇಲೆ ವಿಮಾನ ಹತ್ತಲು ಎಷ್ಟು ಹೊತ್ತು ಕಾಯಬೇಕೆಂದೂ ತೋರಿಸುವ ಸಾಧನ ಅದು. ನಮ್ಮ ಕಡೆಯವರಿಗೆ ಅದು ಬೇಕಾಗುವ ಕಾರಣವನ್ನು ಕರಾವಳಿಯವರು ಯೋಚಿಸಿರಲಿಕ್ಕಿಲ್ಲ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್‌ಗಳಾಗಿದ್ದರೆ 18 ಗಂಟೆ ವಿಮಾನ ಹತ್ತಬಾರದೆಂಬ ಸಲಹೆಯಿದೆ, ಏಕೆಂದರೆ ಗಾಳಿಯೊತ್ತಡ ಕಡಿಮೆಯಾದರೆ ಡೈವ್ ಮಾಡುವಾಗ ದೇಹಕ್ಕೆ ಸೇರಿ ಉಳಿದ ನೈಟ್ರೋಜನ್ ಗುಳ್ಳೆಗಟ್ಟಬಹುದು. ನಾವು ವಿಮಾನ ಹತ್ತದಿದ್ದರೂ ಘಟ್ಟ ಹತ್ತುತ್ತೇವೆ. ದಾರಿಯ ಹುಬ್ಬಳ್ಳಿಯೇ 600 ಮೀಟರ್‌ಗಿಂತ ಎತ್ತರದಲ್ಲಿದೆ. ಅದೇ ಸಂಜೆಯ ಬಸ್ಸಿಗೆ ಟಿಕೆಟ್ ತೆಗೆಸಿದ್ದರೆ ರದ್ದು ಮಾಡಿಸಿ, ಮುರುಡೇಶ್ವರದಲ್ಲೇ ಆ ರಾತ್ರಿ ಉಳಿಯಿರಿ.

ಊರಿಗೆ ಬಂದ ಮೇಲೆ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅಟ್ಟದ ಮೇಲೋ ಕಾರಿನ ಡಿಕ್ಕಿಯಲ್ಲೋ ಇಟ್ಟರೆ ಬಲೂನಿನ ಒಳಪದರಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಮುಂದಿನ ಸಲ ಹೊರಡುವ ಮುನ್ನ ಬಾಯಿಂದಲೇ ಊದಿ ನೋಡಿ.